ಅಕ್ಕಯ್ಯಮ್ಮ ಮಾಡಿದ ಐದು ಮಣ್ಣೆತ್ತು

ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ ಅಕ್ಕಯ್ಯಮ್ಮ ಬೆಳಗಿನಿಂದ ಮಕ್ಕಳ ಕೈಯಲ್ಲಿ ಮಾಡಿಸಿದ್ದನ್ನೆಲ್ಲ ಬಿಚ್ಚಿಸಿಬಿಡುತ್ತಿದ್ದರು. ತೆಂಗಿನ ಗರಿಯ ಹಾವು, ಹವಾಯಿ ಚಪ್ಪಲಿ ಕೊರೆದು ಚಕ್ರ ಹಾಕಿದ ಗಾಡಿ, ಲಗ್ನಪತ್ರಿಕೆಗಳ ಮೂರಂತಸ್ತಿನ ಮನೆ, ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ದಾರವನ್ನು ಉಂಡೆಗೆ ಸುತ್ತಬೇಕು, ಕಡ್ಡಿಗಳನ್ನು ಕಟ್ಟಿಡಬೇಕು, ಚಕ್ರಗಳು ಹಾರ್ಲಿಕ್ಸ್ ಡಬ್ಬಕ್ಕೆ ಹೋಗಬೇಕು. ಹೊಸದಾಗಿ ಬಂದ ಮಗು ಮೊದಲ ದಿನ ಗೋಳೋ ಎಂದು ಅಳುತ್ತಿತ್ತು. ನಾಲ್ಕನೆಯ ದಿನಕ್ಕೆ ತಾನೇ ಚಕ್ಕಂಬಕ್ಕಳ ಹಾಕಿ ಕೂತು ಬಿಚ್ಚುತ್ತಿತ್ತು. ಯಾಕೆ ಹೀಗೆ ಎಂದು ಯಾರಾದರೂ ತಾಯಂದಿರು ಕೇಳಿದರೆ ಅವರದು ಒಂದೇ ಉತ್ತರ. "ಮಡಗಿದ್ರೆ ಧೂಳು ಕುಂತ್ಕಂತದೆ. ಬಿಚ್ಚಿದ್ರೆ ನಾಳೀಕೆ ಕೆಲ್ಸ ಇರ್ತದೆ ಕಣಮ್ಮ."

ನಾನು ಗದಗಿನವಳು. ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಸರಕು ಸಾಗಿಸುವ ಕಡೆ ಪಾಳಿಯ ಕೆಲಸ ಸಿಕ್ಕಿತೆಂದು ಮೂರು ವರ್ಷದ ಮಗಳು ಅದಿತಿಯನ್ನು ಎತ್ತಿಕೊಂಡು ಬೆಂಗಳೂರಿನ ಕೆಂಪಾಪುರಕ್ಕೆ ಬಂದೆ. ಮೂರಂತಸ್ತಿನ ಕಟ್ಟಡ, ಎಂಟು ಬಾಡಿಗೆ ಮನೆ, ನಮ್ಮದು ಮೇಲಿನ ಮೂಲೆಯದು. ಗಂಡ ಒಂದೋ ಕೆಲಸದಲ್ಲಿರುತ್ತಿದ್ದ, ಇಲ್ಲವೋ ಕಿಟಕಿಗೆ ಚಾದರ ಕಟ್ಟಿಕೊಂಡು ಮಲಗಿರುತ್ತಿದ್ದ. ನಾನು ಬಾಯಿ ತೆರೆದರೆ ತರಕಾರಿಯವನು ನಕ್ಕು, ಪಕ್ಕದವನಿಗೂ ಕೇಳಿಸಲೆಂದು ಮತ್ತೊಮ್ಮೆ ಹೇಳಿಸುತ್ತಿದ್ದ. ಕನ್ನಡದ ಊರಿನಲ್ಲಿ ಕನ್ನಡ ಮಾತಾಡಿಕೊಂಡೇ ನಾನು ಪರದೇಶಿಯಾಗಿದ್ದೆ. ಎಷ್ಟೋ ದಿನ ಮಗಳೊಬ್ಬಳ ಜೊತೆ ಬಿಟ್ಟರೆ ಇನ್ನಾರೊಂದಿಗೂ ಒಂದು ಪೂರ್ತಿ ವಾಕ್ಯ ಆಡುತ್ತಿರಲಿಲ್ಲ.

ಬಂದ ಎರಡನೆಯ ವಾರ ಅದಿತಿ ಕಾಣೆಯಾದಳು. ಹುಡುಕುತ್ತ ಮೆಟ್ಟಿಲಿಳಿದರೆ ಕೆಳಗಿನ ಹಿಂದಿನ ಜಗುಲಿಯ ಮೇಲೆ ಐದಾರು ಮಕ್ಕಳ ನಡುವೆ ಕೂತು ತೆಂಗಿನ ಗರಿ ಮಡಚುತ್ತಿದ್ದಳು. ಎದುರಿಗೆ ಒಬ್ಬ ಹೆಂಗಸು. ಅರವತ್ತರ ಆಚೀಚೆ, ಸಣಕಲು ದೇಹ, ಮೂಗಿನ ಎರಡೂ ಕಡೆ ಮೂಗುಬಟ್ಟಿನ ಖಾಲಿ ತೂತು. ನನ್ನನ್ನು ನೋಡಿ ಯಾವ ಊರು ಎಂದು ಕೇಳಿದರು. ಹೇಳಿದೆ. ಅಂದಿನಿಂದ ನಾನು ಅವರಿಗೆ ಗದಗ್ನಮ್ಮ. ನನ್ನ ನಿಜವಾದ ಹೆಸರನ್ನು ಅವರು ಕೊನೆಯವರೆಗೂ ಕೇಳಲಿಲ್ಲ. ಕೇಳಲಿಲ್ಲವೆಂದು ನನಗೂ ಬೇಸರವಾಗಲಿಲ್ಲ.

ಅವರು ನಮ್ಮ ಓನರ್ ಕೃಷ್ಣಪ್ಪನವರ ತೀರಿಹೋದ ಅಣ್ಣನ ಹೆಂಡತಿ. ಆ ಮನೆಯವರು ಹಿಂದೆ ಅಲ್ಲೇ ದ್ರಾಕ್ಷಿ ಬೆಳೆಯುತ್ತಿದ್ದವರು, ಈಗ ಕಟ್ಟಡ ಬೆಳೆಯುತ್ತಿದ್ದರು. ಅಕ್ಕಯ್ಯಮ್ಮನಿಗೆ ಅಲ್ಲಿ ಊಟ, ಬಟ್ಟೆ, ಮರ್ಯಾದೆ ಯಾವುದಕ್ಕೂ ಕೊರತೆ ಇರಲಿಲ್ಲ. ಜೊತೆಗೆ ಕೂರುವವರು ಮಾತ್ರ ಇರಲಿಲ್ಲ. ಕೃಷ್ಣಪ್ಪನವರು ಜಗುಲಿ ದಾಟುವಾಗ "ಊಟ ಆಯ್ತಾ ಅತ್ಗೆ" ಎಂದು ಕೇಳಿ, ಉತ್ತರ ಬರುವುದರೊಳಗೆ ಕಾರು ಹತ್ತಿರುತ್ತಿದ್ದರು.

ಅಂಥ ಮನೆಗೆ ಲಗ್ನಪತ್ರಿಕೆಗಳು ರಾಶಿ ರಾಶಿ ಬರುತ್ತವೆ. ದಪ್ಪ ಕಾರ್ಡು, ಚಿನ್ನದ ಅಂಚು. ಅವೇ ಅಕ್ಕಯ್ಯಮ್ಮನ ಬಂಡವಾಳ. ಆದರೆ ಪ್ರತಿಯೊಂದರ ಮೇಲೂ ಒಬ್ಬ ಗಣೇಶ ಇರುತ್ತಾನಲ್ಲ, ಅವನ ಮೇಲೆ ಕತ್ತರಿ ಆಡಿಸುವಂತಿಲ್ಲ. ಮೊದಲು ಅವನನ್ನು ಸುತ್ತಲೂ ಕತ್ತರಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಆಮೇಲೆ ಉಳಿದ ಕಾರ್ಡಿಗೆ ಕೈ ಹಚ್ಚಬೇಕು. ವರ್ಷಕ್ಕೊಮ್ಮೆ ಡಬ್ಬ ತುಂಬಿದಾಗ ಆ ಗಣೇಶರನ್ನೆಲ್ಲ ಒಯ್ದು ಅರಳಿಕಟ್ಟೆಯಲ್ಲಿ ಇಟ್ಟು ಬರುತ್ತಿದ್ದರು. ಒಮ್ಮೆ ಗಾಳಿಗೆ ಹಾರಿ ಇಡೀ ಬೀದಿಯಲ್ಲಿ ಗಣೇಶರಾಗಿ, ಅವರೂ ಮಕ್ಕಳೂ ಸೇರಿ ಸ್ಕೂಟರುಗಳ ಕೆಳಗೆಲ್ಲ ಬಗ್ಗಿ ಬಗ್ಗಿ ಆರಿಸಿದ್ದನ್ನು ನಾನು ಮೇಲಿನಿಂದ ನೋಡಿ ನಕ್ಕಿದ್ದೆ. ಆ ಊರಿಗೆ ಬಂದ ಮೇಲೆ ನಾನು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು.

ಮಗಳ ಹುಟ್ಟುಹಬ್ಬಕ್ಕೆ ನನ್ನ ಗಂಡ ಅಂಗಡಿಯಿಂದ ಒಂದು ಆಟದ ಪೆಟ್ಟಿಗೆ ತಂದ. ತುಂಡುಗಳನ್ನು ಅಂಟಿಸಿದರೆ ನವಿಲು ಆಗುವಂಥದ್ದು. ಅದಿತಿ ಅದನ್ನು ಜಗುಲಿಗೆ ಒಯ್ದಳು. ಅಕ್ಕಯ್ಯಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ತುಂಡನ್ನು ತಿರುಗಿಸಿ ನೋಡಿ, "ಎಲ್ಲಾ ಅವ್ರೇ ಮಾಡ್ಬುಟ್ಟವ್ರಲ್ಲ, ಮಗೀಗೆ ಏನ್ ಉಳ್ಸವ್ರೆ?" ಎಂದು ನನ್ನನ್ನೇ ಕೇಳಿದರು. ನಾನು ಪೆಚ್ಚಾಗಿ ನಕ್ಕೆ. ಒಳಗೊಳಗೇ ಸ್ವಲ್ಪ ಉರಿಯಿತು.

ಹೊಸಬರು ಯಾರಾದರೂ ನಿಮಗೆಷ್ಟು ಮಕ್ಕಳು ಎಂದು ಕೇಳಿದರೆ ಅಕ್ಕಯ್ಯಮ್ಮ ಜಗುಲಿಯತ್ತ ಒಮ್ಮೆ ಕಣ್ಣಾಡಿಸಿ, "ಇವತ್ತು ಏಳು. ನೆನ್ನೆ ಒಂಬತ್ತಿದ್ರು" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ವರ್ಷ ಹೀಗೇ ಹೋಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚು ಶುರುವಾಗಿತ್ತು. ಅದಿತಿ ಎದ್ದ ಕೂಡಲೇ ಅಜ್ಜಿ ಎನ್ನುತ್ತಿದ್ದಳು. ನಾನು ಕೊಟ್ಟರೆ ಬೇಡವಾದ ಮುದ್ದೆ ಅವರು ಕೊಟ್ಟರೆ ಗುಳುಂ. ಕೆಲವೊಮ್ಮೆ "ಅಂಗಲ್ಲ, ಇಂಗೆ" ಎಂದು ಅವರದೇ ಮಾತಿನಲ್ಲಿ ನನ್ನನ್ನು ತಿದ್ದುತ್ತಿದ್ದಳು. ಆ ಊರಲ್ಲಿ ನನ್ನದು ಅಂತ ಇದ್ದದ್ದು ಅವಳೊಬ್ಬಳೇ, ಅವಳೂ ಕೆಳಗಿನ ಜಗುಲಿಯವಳಾಗುತ್ತಿದ್ದಾಳಲ್ಲ ಎಂದು ಮಧ್ಯಾಹ್ನ ಒಬ್ಬಳೇ ಕೂತು ಅತ್ತದ್ದೂ ಉಂಟು.

ಆ ವರ್ಷ ಹೋಳಿ ಹಬ್ಬದ ಹೊತ್ತಿಗೆ ಗದಗಿನಲ್ಲಿ ನನ್ನವ್ವ ತೀರಿಕೊಂಡಳು. ಜೂನ್ ಬಂತು. ನಮ್ಮ ಕಡೆ ಕಾರ ಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಹೊಲ ಇದ್ದವರೂ ಮಾಡುತ್ತಾರೆ, ಇಲ್ಲದವರೂ ಮಾಡುತ್ತಾರೆ. ಪೂಜೆಯಾದ ಎತ್ತನ್ನು ಆಮೇಲೆ ನೀರಿಗೆ ಬಿಡುತ್ತೇವೆಯೇ ಹೊರತು ಯಾರೂ ಕೈಯಾರೆ ಮುರಿಯುವುದಿಲ್ಲ. ನಾನು ಹುಟ್ಟಿದಾಗಿನಿಂದ ಆ ಎತ್ತುಗಳನ್ನು ಮಾಡುತ್ತಿದ್ದವಳು ಅವ್ವ. ಈ ಸಲ ನಾನು ಮಾಡಬೇಕು, ಮಗಳ ಕೈಯಲ್ಲಿ ಮಾಡಿಸಬೇಕು ಎಂದು ಹಟ ಹಿಡಿದಿದ್ದೆ. ಆದರೆ ಆ ಕಾಂಕ್ರೀಟಿನಲ್ಲಿ ಮಣ್ಣು ಎಲ್ಲಿಂದ ತರುವುದು? ಅಮಾವಾಸ್ಯೆಯ ಹಿಂದಿನ ದಿನ ಅಕ್ಕಯ್ಯಮ್ಮನ ಬಳಿ ಹೋಗಿ, ಅದಿತಿಯ ಕೈಯಲ್ಲಿ ಐದು ಎತ್ತು ಮಾಡಿಸಿಕೊಡಿ ಎಂದೆ. ಯಾಕೆಂದು ಹೇಳಲಿಲ್ಲ. ಎತ್ತು ಯಾಕೆ ಮಾಡುತ್ತಾರೆಂದು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ಕಡೆ ಆ ಹಬ್ಬವೇ ಇಲ್ಲವೆಂದು ನನಗೆ ಹೊಳೆಯಲೇ ಇಲ್ಲ.

ಅಕ್ಕಯ್ಯಮ್ಮ ಬಕೆಟ್ ಹಿಡಿದು ಪಕ್ಕದ ಅಪಾರ್ಟ್‌ಮೆಂಟಿನ ಪಾಯ ತೋಡುತ್ತಿದ್ದ ಜಾಗಕ್ಕೆ ಹೋದರು. ಕಾವಲುಗಾರ ತಡೆದನಂತೆ. ಇದು ನಾನು ಕಳೆ ಕಿತ್ತ ಹೊಲ ಎಂದು ಹೇಳಿ ಒಂದು ಬಕೆಟ್ ಕೆಮ್ಮಣ್ಣು ತಂದರು. ಜರಡಿ ಹಿಡಿದು, ಹತ್ತಿ ಸೇರಿಸಿ, ಕುಟ್ಟಿ ಹದ ಮಾಡಿದರು. ಮಧ್ಯಾಹ್ನ ನಾನು ಇಣುಕಿ ನೋಡಿದಾಗ ಐದೂ ಎತ್ತು ಸಾಲಾಗಿ ನಿಂತಿದ್ದವು. ಅದಿತಿಯ ಎತ್ತು ಆಲೂಗಡ್ಡೆಯ ಹಾಗಿತ್ತು, ಆದರೂ ಕೊಂಬಿತ್ತು. ನನಗೆ ಅವ್ವ ನೆನಪಾದಳು. ಅಲ್ಲೇ ಒಣಗಲಿ ಎಂದು ಬಿಟ್ಟು ಕಡಲೆಬೇಳೆ, ಬೆಲ್ಲ ತರಲು ಹೋದೆ.

ಬಸ್ಸಿನ ಗದ್ದಲದಲ್ಲಿ ತಡವಾಯಿತು. ನಾನು ಬರುವಾಗ ದೀಪ ಹಚ್ಚುವ ಹೊತ್ತು. ಜಗುಲಿಯ ಮೇಲೆ ಅದಿತಿ ಕೇಕೆ ಹಾಕುತ್ತ ಎತ್ತುಗಳನ್ನು ಒಂದೊಂದಾಗಿ ನೀರಿಗೆ ಅದ್ದಿ ಮುದ್ದೆ ಮಾಡುತ್ತಿದ್ದಳು. ಅಕ್ಕಯ್ಯಮ್ಮ ಆ ಮುದ್ದೆಗಳನ್ನು ನಾದಿ ಒಂದೇ ಉಂಡೆಗೆ ಸೇರಿಸುತ್ತಿದ್ದರು. ಕೊನೆಯ ಎತ್ತಿನ ಹಿಂಗಾಲುಗಳಷ್ಟೇ ಉಳಿದಿದ್ದವು. ಅವರು ದಿನವೂ ಮಾಡುವುದನ್ನೇ ಅಂದೂ ಮಾಡಿದ್ದರು. ಅದು ನನಗೆ ಆಗ ಕಾಣಲಿಲ್ಲ. ಅವ್ವ ಸತ್ತ ವರ್ಷ, ಹಬ್ಬದ ಹಿಂದಿನ ಸಂಜೆ, ನನ್ನ ಮಗಳ ಕೈಯಿಂದಲೇ ಎತ್ತು ಮುರಿಸಿದ್ದಾರೆ ಎಂಬುದೊಂದೇ ಕಂಡಿತು. ಒಂದು ವರ್ಷದ ಹೊಟ್ಟೆಕಿಚ್ಚೂ ಅದರ ಜೊತೆ ಎದ್ದು ಬಂತು.

"ಮಕ್ಕಳಿಲ್ಲದವ್ರಿಗೆ ಇದೆಲ್ಲಾ ಹ್ಯಾಂಗ ತಿಳೀಬೇಕ್ರೀ?" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ನನ್ನ ಬಾಯಿಯನ್ನು ನೋಡಿಯೇ ಸಾವಿರ ಸಲ ಹೇಳಿದ್ದಳು. ಅಕ್ಕಯ್ಯಮ್ಮ ನನ್ನ ಮುಖ ನೋಡಲಿಲ್ಲ. ಬಕೆಟ್ಟಿನ ನೀರಿನಲ್ಲಿ ಮೊದಲು ಅದಿತಿಯ ಕೈ ತೊಳೆದರು, ಉಗುರಿನ ಸಂದಿಯ ಮಣ್ಣನ್ನೂ ಬಿಡಲಿಲ್ಲ. ಸೆರಗಿನಿಂದ ಒರೆಸಿ, ಮಗಳನ್ನು ನನ್ನ ಕಡೆಗೆ ನಡೆಸಿದರು. ಆಮೇಲೆ ತಮ್ಮ ಕೈ ತೊಳೆದುಕೊಂಡರು. ನಾನು ಅವಳನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಒಂದು ಮೊರ, ಮೊರದಲ್ಲಿ ಐದು ಎತ್ತು. ಇನ್ನೂ ಹಸಿಯಾಗಿದ್ದವು. ಒಂದೊಂದಕ್ಕೂ ಭುಜ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಮೂಗುದಾರಕ್ಕೆ ಕೆಂಪು ನೂಲು. ಎತ್ತು ಕಟ್ಟಿ ಉತ್ತವರು ಮಾತ್ರ ಹಾಗೆ ಮಾಡಬಲ್ಲರು. ಮುಂದೆ ಒಂದು ಪುಟ್ಟ ಮೇವಿನ ಗ್ವಾದಲಿಯೂ ಇತ್ತು. ಅದು ಅವರಿಗೆ ಹೇಗೆ ಗೊತ್ತಾಯಿತೆಂದು ನನ್ನ ಗಂಡ ಹೇಳಿದ. ರಾತ್ರಿ ಅವನು ಪಾಳಿ ಮುಗಿಸಿ ಬರುವಾಗ ನಿಲ್ಲಿಸಿಕೊಂಡು, ಆ ಎತ್ತು ಯಾತಕ್ಕೆ, ನಿಮ್ಮ ಕಡೆ ಹಬ್ಬಕ್ಕೆ ಏನೇನು ಇಡುತ್ತಾರೆ ಎಂದು ಕೇಳಿ ತಿಳಿದುಕೊಂಡಿದ್ದರಂತೆ.

ನಾನು ಆ ಎತ್ತುಗಳನ್ನು ಪೂಜಿಸಿದೆ. ಹೋಳಿಗೆ ಮಾಡಿದೆ. ಎರಡು ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ತುಪ್ಪ ಹಾಕಿ ಮುಚ್ಚಿದೆ, ಕೆಳಗೆ ಕೊಟ್ಟು ಬರಲೆಂದು. ಹೋಗಿ ಏನನ್ನಬೇಕು ಎಂದು ಯೋಚಿಸುತ್ತ ಮಧ್ಯಾಹ್ನವಾಯಿತು. ನಾಚಿಕೆಯೋ ಸೊಕ್ಕೋ, ಎರಡೂ ಇದ್ದವು. ಸಂಜೆ ಆ ಎರಡು ಹೋಳಿಗೆಯನ್ನು ನಾವೇ ತಿಂದೆವು. ಬೈದದ್ದಕ್ಕಿಂತ ಅದೇ ನನಗೆ ಇವತ್ತಿಗೂ ಹೆಚ್ಚು ಚುಚ್ಚುತ್ತದೆ.

ಅದಾದ ಮೇಲೆ ಜಗಳ ಏನೂ ಆಗಲಿಲ್ಲ. ಎದುರಾದರೆ ಅಕ್ಕಯ್ಯಮ್ಮ ನೀರು ಬಂತಾ ಎಂದು ಕೇಳುತ್ತಿದ್ದರು, ನಾನು ಬಂತ್ರೀ ಎನ್ನುತ್ತಿದ್ದೆ. ಆದರೆ ಜಗುಲಿಗೆ ಬರುವ ಮಕ್ಕಳನ್ನು ಕೇಳಲು ಅವರು ಒಂದು ಹೊಸ ಮಾತು ಕಲಿತಿದ್ದರು. "ನಿಮ್ಮಮ್ಮನ್ನ ಕೇಳ್ಕಂಡ್ ಬಂದ್ಯಾ ಮಗ?" ಯಾರ ಮಗುವಾದರೂ ಸರಿ, ಕೇಳಿಯೇ ಕೂರಿಸಬೇಕು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿ? ಅಮ್ಮನನ್ನು ಕೇಳಲು ಮೆಟ್ಟಿಲು ಹತ್ತಿದ ಮಗು ಟೀವಿ ಮುಂದೆ ಕೂತುಬಿಡುತ್ತಿತ್ತು. ಏಳು ಇದ್ದದ್ದು ನಾಲ್ಕಾಯಿತು, ಎರಡಾಯಿತು. ಅದಿತಿಯನ್ನು ನಾನೇ ಪ್ಲೇಹೋಮಿಗೆ ಸೇರಿಸಿದೆ. ಮೊದಲ ತಿಂಗಳು ಅಜ್ಜಿ ಬೇಕೆಂದು ಅತ್ತಳು, ಆಮೇಲೆ ಅಳಲಿಲ್ಲ. ಸಂಜೆ ನಾನು ಮೇಲಿನಿಂದ ಬಗ್ಗಿ ನೋಡಿದರೆ ಅಕ್ಕಯ್ಯಮ್ಮ ಒಬ್ಬರೇ ಕೂತು ಕಾರ್ಡುಗಳಿಂದ ಗಣೇಶರನ್ನು ಬಿಡಿಸುತ್ತಿರುತ್ತಿದ್ದರು. ಇಳಿದು ಹೋಗಲು ಮೂವತ್ತಾರೋ ನಲವತ್ತೋ ಮೆಟ್ಟಿಲು. ನಾನು ಇಳಿಯಲಿಲ್ಲ.

ಮುಂದಿನ ವರ್ಷ ಕೃಷ್ಣಪ್ಪನವರು ಕಟ್ಟಡ ಕೆಡವಿಸಿ ದೊಡ್ಡದು ಕಟ್ಟಿಸಲು ಹೊರಟರು. ಬಾಡಿಗೆಯವರೆಲ್ಲ ಚದುರಿದೆವು. ನಾವು ಆರ್.ಟಿ. ನಗರಕ್ಕೆ ಹೋದೆವು. ಅಕ್ಕಯ್ಯಮ್ಮ ಹುಣಸಮಾರನಹಳ್ಳಿಯ ತಮ್ಮನ ಮನೆಗೆ ಹೋದರೆಂದು ತಿಳಿಯಿತು. ಅವರು ಗಂಟು ಕಟ್ಟಿಕೊಂಡು ಹೊರಟ ದಿನ ನಾನು ಬಾಗಿಲು ಹಾಕಿಕೊಂಡು ಪಾತ್ರೆ ಕಟ್ಟುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ, ಅವರೇಕಾಯಿ ಕಾಲದಲ್ಲಿ, ಒಂದು ಭಾನುವಾರ ಅದಿತಿಯನ್ನು ಕರೆದುಕೊಂಡು ಹುಣಸಮಾರನಹಳ್ಳಿಗೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ನಾಲ್ಕು ತಿಂಗಳ ನಂತರ ಅವರು ಹೋದರು, ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ.

ಅಂದು ಅವರು ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಕಿಕೊಂಡು, ನೆನೆಸಿದ ಅವರೆಕಾಳನ್ನು ಹಿಚುಕಿ ಸಿಪ್ಪೆ ತೆಗೆಯುತ್ತಿದ್ದರು. ಇನ್ನೂ ಸಣ್ಣಗಾಗಿದ್ದರು. ನಮ್ಮನ್ನು ನೋಡಿ ಎದ್ದು, "ಬಾ ಗದಗ್ನಮ್ಮ" ಎಂದು ಚಾಪೆ ಸರಿಸಿದರು. ಅದಿತಿಯ ಕೆನ್ನೆ ಮುಟ್ಟಿದರು. ಏಳು ವರ್ಷದ ಅದಿತಿ ನಾಚಿಕೊಂಡು ನನ್ನ ಹಿಂದೆ ಸರಿದಳು. ಅವಳಿಗೆ ಅವರು ಯಾರೆಂದು ಗೊತ್ತೇ ಆಗಲಿಲ್ಲ. ಅಕ್ಕಯ್ಯಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ನಕ್ಕರು. ನಾನು ಸ್ವಲ್ಪ ಹೊತ್ತು ಮೊಬೈಲು ಕೊಟ್ಟು ಅವಳನ್ನು ಕೂರಿಸಿ, ಕಾಳು ಹಿಚುಕಲು ಕೂತೆ.

ತಲೆಯ ಮೇಲೆ ವಿಮಾನಗಳು ತೀರಾ ಕೆಳಗೆ ಹಾರುತ್ತಿದ್ದವು. ಒಂದು ದಾಟಿಹೋದ ಮೇಲೆ, "ಅಮ್ಮಾರ, ಆವತ್ತ ನಾ ಹಾಂಗ ಅನ್ನಬಾರದಿತ್ರಿ" ಎಂದೆ. ಯಾವತ್ತು ಎಂದು ಅವರು ಕೇಳಲಿಲ್ಲ. ಮೂರು ನಾಲ್ಕು ಕಾಳು ಹಿಚುಕಿದರು.

"ನೀನೇನ್ ಸುಳ್ಳೇಳ್ಲಿಲ್ವಲ್ಲ, ಬುಡು" ಎಂದರು. ಇನ್ನೊಂದು ಕಾಳು ತೆಗೆದುಕೊಂಡು, "ಅಷ್ಟ್ ಮಕ್ಳು ಸುತ್ತ ಇರ್ತಿದ್ವಲ್ಲ. ನಂಗೇ ಅದು ಮರ್ತೋಗಿತ್ತು ಕಣಮ್ಮ."

ನಾನು ಅತ್ತೆ. ಅವರು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದರು. ಹಿತಕಿದ ಬೇಳೆ ಸಾರು, ಮುದ್ದೆ. ಅದಿತಿಗೆ ಅವರು ತಿನ್ನಿಸಲು ಹೋಗಲಿಲ್ಲ, ಚಮಚ ತರಿಸಿಕೊಟ್ಟರು. ಬಸ್ ಸ್ಟಾಪಿನವರೆಗೆ ಬಂದು, ಬಸ್ಸು ಬರುವವರೆಗೂ ನಿಂತಿದ್ದರು.

ಬಸ್ಸು ಹೊರಟ ಮೇಲೆ ಅದಿತಿ ಕಿಟಕಿಯಿಂದ ತಿರುಗಿ, "ಅವರು ಯಾರಮ್ಮಾ?" ಎಂದು ಕೇಳಿದಳು.

"ನಮ್ಮ ಹಳೇ ಓನರ್ ಮನೆಯವರು" ಎಂದೆ. ಬಾಯಿಗೆ ಬಂದದ್ದು ಅದೇ. ಅವಳು ಹೂಂ ಎಂದು ತಲೆಯನ್ನು ನನ್ನ ತೋಳಿಗೆ ಒರಗಿಸಿದಳು. ನಿನ್ನ ಅಜ್ಜಿ ಎಂದು ಹೇಳಬೇಕಾಗಿದ್ದ ಉತ್ತರ ನನಗೆ ಹೆಬ್ಬಾಳದ ಫ್ಲೈಓವರ್ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.