ಸಿಂಗಾಪುರದ ಕೋರ್ಟು ನೋಡಿದ ಮಾರೆಮ್ಮನ ಹೊಲಿಗೆ

ಶ್ರೀರಾಮನಗರದ ಮಾರೆಮ್ಮ ಗಂಗಾವತಿಯ ಪ್ರಭುರಾಜನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೇಳು ವರ್ಷದಿಂದ ಚೀಲದ ಬಾಯಿ ಹೊಲಿಯುವವಳು. ಹೊರದೇಶಕ್ಕೆ ಹೋಗುವ ಗೋಣಿಚೀಲಕ್ಕೆ ಅವಳನ್ನು ಬಿಟ್ಟು ಬೇರೆ ಯಾರೂ ದಬ್ಬಣ ಹಾಕುತ್ತಿರಲಿಲ್ಲ. ಅವಳು ಎಡಚಿ. ಅಕ್ಕಿಯೆಂಬ ಲಕ್ಷ್ಮಿಗೆ ಎಡಗೈ ಹಚ್ಚುತ್ತಾಳೆಂದು ಮೊದಮೊದಲು ಆಡಿಕೊಂಡವರು, ಅವಳು ಹೊಲಿದ ಚೀಲ ಲಾರಿಯಿಂದ ಬಿದ್ದರೂ ಬಾಯಿ ಬಿಡದ್ದನ್ನು ಕಂಡು ಸುಮ್ಮನಾಗಿದ್ದರು.

ಹೋದ ವರ್ಷ ಸಿಂಗಾಪುರದ ವ್ಯಾಪಾರಿಯೊಬ್ಬ, ಗಿರಣಿಯವರು ಸೋನಾಮಸೂರಿಯಲ್ಲಿ ನುಚ್ಚು ಬೆರೆಸಿ ಕಳಿಸಿದ್ದಾರೆಂದು ಅಲ್ಲಿಯ ಕೋರ್ಟಿಗೆ ಹೋದ. ತಕರಾರು ಬಂದರೆ ಅಲ್ಲಿಯೇ ಬಗೆಹರಿಯಬೇಕೆಂಬ ಕರಾರಿಗೆ ಪ್ರಭುರಾಜನೇ ಸಹಿ ಹಾಕಿದ್ದ. ಅಲ್ಲಿ ಸೋತರೆ ಆ ತೀರ್ಪನ್ನು ಇಲ್ಲಿಯ ಕೋರ್ಟಿನಲ್ಲೇ ಜಾರಿ ಮಾಡಿಸಿ ಗಿರಣಿಗೆ ಬೀಗ ಹಾಕಿಸಬಹುದಿತ್ತು. ಬೆರಕೆ ಇಲ್ಲೇ ಆಯಿತೆಂದರೆ, ಕೊನೆಗೆ ಚೀಲ ಮುಚ್ಚಿದ ಮಾರೆಮ್ಮನೇ ಕಳ್ಳಿ.

"ನಾ ಹೊಲದ ಚೀಲದಾಗ ನುಚ್ಚು ಹೋಗಿಲ್ರಿ ಸಾವಕಾರ್ರ. ಆ ಸಾಹೇಬ್ರಿಗೆ ನಾನ ಹೇಳತೀನಿ," ಎಂದಳು.

"ವಿಮಾನ ಹತ್ತತೀ ಏನಬೇ?" ಎಂದು ಪ್ರಭುರಾಜ ನಕ್ಕ.

ಗಿರಣಿಯ ವಕೀಲೆ ಐಶ್ವರ್ಯ ನಗಲಿಲ್ಲ. ವಿಡಿಯೋದಲ್ಲಿ ಸಾಕ್ಷಿ ಕೇಳಲು ಅರ್ಜಿ ಹಾಕಿದಳು. ಕಾಗದಗಳು ಎರಡೂ ದೇಶದ ಕಚೇರಿ ಸುತ್ತಿ ಒಪ್ಪಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಆ ದಿನ ಗಂಗಾವತಿ ಕೋರ್ಟಿನ ಕೋಣೆಯೊಂದರಲ್ಲಿ ಮಾರೆಮ್ಮ ಗಿರಣಿಯಿಂದ ತಂದ ಗೋಣಿಚೀಲ, ಸುತಳಿ, ದಬ್ಬಣ ಇಟ್ಟುಕೊಂಡು ಪರದೆಯ ಮುಂದೆ ಕುಳಿತಳು. ಆ ಕಡೆ ನ್ಯಾಯಾಧೀಶರು, ವ್ಯಾಪಾರಿಯ ವಕೀಲ, ಮಾತನ್ನು ಕನ್ನಡಕ್ಕೆ ತಿರುಗಿಸುವ ದುಭಾಷಿ; ಮೇಜಿನ ಮೇಲೆ ತಕರಾರಿನ ಚೀಲ.

ಹೊಲಿದು ತೋರಿಸು ಎಂದ ವಕೀಲ. ಮಾರೆಮ್ಮ ಸೆರಗು ಸರಿಮಾಡಿಕೊಂಡು ದಬ್ಬಣವನ್ನು ಬಲಗೈಗೆ ತೆಗೆದುಕೊಂಡಳು. ಹೊಲಿಗೆ ಸೊಟ್ಟಗಾಯಿತು, ಸುತಳಿ ಗಂಟುಬಿತ್ತು. ಪಕ್ಕದಲ್ಲಿದ್ದ ಐಶ್ವರ್ಯಳ ಮುಖ ಕಪ್ಪಿಟ್ಟಿತು.

"ಇಪ್ಪತ್ತೇಳು ವರ್ಷ ಪಳಗಿದ ಕೈ ಇದೇನಾ ಅಂತ ವಕೀಲರು ಕೇಳ್ತಿದ್ದಾರೆ," ಎಂದ ದುಭಾಷಿ.

"ಅಲ್ರಿ," ಎಂದಳು ಮಾರೆಮ್ಮ ನಿಧಾನಕ್ಕೆ. "ದೊಡ್ಡವರ ಮುಂದ ಎಡಗೈ ಚಾಚಬಾರದಂತ ಈ ಕೈಲೆ ಹಿಡದೀನ್ರಿ. ಅಪ್ಪಣಿ ಆದ್ರ ನನ್ನ ಕೈಲೆ ಹೊಲೀತೀನಿ."

ನ್ಯಾಯಾಧೀಶರು ತಲೆಯಾಡಿಸಿದರು. ದಬ್ಬಣ ಎಡಗೈಗೆ ಬಂದದ್ದೇ ತಡ, ಹೊಲಿಗೆ ಎಡದಿಂದ ಬಲಕ್ಕೆ ಓಡಿತು. ಇಪ್ಪತ್ತೆರಡು ಹೊಲಿಗೆ, ಒಂದೇ ಅಳತೆ, ಒಂದೇ ಓರೆ.

"ಈಗ ನಿಮ್ಮ ಮೇಜಿನ ಮ್ಯಾಲಿನ ಚೀಲದ ಬಾಯಿ ತೋರಸ್ರಿ."

ಅಲ್ಲಿ ಯಾರೋ ಎತ್ತಿ ಹಿಡಿದರು.

"ನನ್ನ ಹೊಲಿಗಿ ಈ ಕಡೆ ವಾಲತೈತಿ, ಅದು ಆ ಕಡೆ ವಾಲೈತಿ. ಬಲಗೈಯವರು ಹೊಲದದ್ದು ಅದು. ಸುತಳಿ ಬಿಚ್ಚಿ ನೋಡ್ರಿ, ಅದರ ಬಗಲಾಗ ಹಳೇ ತೂತು ಇರ್ತಾವ. ಅವು ನನ್ನವು. ಬಿಚ್ಚಿ, ನುಚ್ಚು ಸುರದು, ಮತ್ತ ಹೊಲದಾರ."

ನ್ಯಾಯಾಧೀಶರು ತಾವೇ ಇಳಿದು ಬಂದು ಕನ್ನಡಕ ಏರಿಸಿ ನೋಡಿದರು. ಸುತಳಿ ಬಿಚ್ಚಿದಾಗ ಎರಡು ಸಾಲು ತೂತು ಕಂಡವು. ಉಳಿದ ಚೀಲಗಳನ್ನೂ ತೆರೆಸಿ ಪರೀಕ್ಷಿಸಲು ಅಪ್ಪಣೆಯಾಯಿತು. ಕೇಳುವುದು ಇನ್ನೇನಾದರೂ ಇದೆಯೇ ಎಂದರೆ ಆ ವಕೀಲ ಇಲ್ಲವೆಂದ.

ಆರು ವಾರಕ್ಕೆ ತೀರ್ಪು ಬಂತು: ಉಳಿದ ಚೀಲಗಳಲ್ಲೂ ಎರಡೆರಡು ಸಾಲು ತೂತು; ವ್ಯಾಪಾರಿಯ ದಾವೆ ವಜಾ. ಐಶ್ವರ್ಯ ಅದನ್ನು ಗಿರಣಿಗೇ ತಂದಳು.

"ನನ್ನ ಹೆಸರು ಐತೇನವ್ವ ಅದರಾಗ?" ಮಾರೆಮ್ಮ ಕೇಳಿದಳು.

"ಒಂಬತ್ತು ಕಡೆ ಐತಿಬೇ."

"ಊರು?"

"ಶ್ರೀರಾಮನಗರ, ಗಂಗಾವತಿ ತಾಲೂಕು. ಸರಿ ಬರದಾರ."

"ನಾವು ಬೆರಕಿ ಮಾಡಿಲ್ಲ ಅನ್ನೂದು ಎಲ್ಲೈತಿ? ಅಷ್ಟನ್ನ ಕನ್ನಡದಾಗ ಜೋರಲೆ ಓದವ್ವ, ಹಮಾಲರಿಗೂ ಕೇಳಲಿ."

ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ಪ್ರಭುರಾಜ ತಾನೇ ಎದ್ದು ಹೋಗಿ, ನಡುಹಗಲಲ್ಲಿ ಗಿರಣಿ ನಿಲ್ಲಿಸಿದ.