ಕ್ಷೇಮದಕ್ಕನ ಮೊದಲ ಮಾತು

ಸೈನಿಕರ ಕುಟುಂಬಗಳಿಗೆ ನೆರವು ಒದಗಿಸುವ ಕಚೇರಿ ಎಂದರೆ ಒಂದು ಕೋಣೆ, ಎರಡು ಮೇಜು, ಒಂದು ಫ್ಯಾನು. ಎರಡನೆಯ ಮೇಜಿನ ಗುಮಾಸ್ತರು ನಿವೃತ್ತರಾಗಿ ಎರಡು ವರ್ಷವಾಯಿತು, ಅವರ ಕುರ್ಚಿಯಲ್ಲಿ ಈಗ ಫೈಲುಗಳು ಕೂತಿವೆ. ಮೊದಲನೆಯದರಲ್ಲಿ ಐವತ್ತೆರಡು ವರ್ಷದ ಅಕ್ಕ, ಕಿವಿಗೆ ಫೋನು ಒತ್ತಿಕೊಂಡು. ಸೈನ್ಯದ ಕಾಲೊನಿಯ ಬೇಲಿಯೊಳಗೆ ಮನೆ ಸಿಕ್ಕ ಪುಣ್ಯವಂತರಿಗೆ ಆಸ್ಪತ್ರೆ, ಶಾಲೆ, ಅಂಗಡಿ ಎಲ್ಲ ಕೂಗಳತೆಯಲ್ಲಿ. ಹಾಗೆ ಸಿಗದೆ ಊರೂರಲ್ಲಿ ಚದುರಿಹೋದ ಮುನ್ನೂರ ಹನ್ನೆರಡು ಮನೆಗಳಿಗೆ ಇರುವುದು ಇವಳೊಬ್ಬಳೇ. ಮಗುವಿಗೆ ಶಾಲೆ, ಅತ್ತೆಗೆ ಕಣ್ಣಿನ ಆಪರೇಷನ್ನು, ಸೈನ್ಯದ ಗುರುತಿನ ಕಾರ್ಡಿನಲ್ಲಿ ತಪ್ಪಾದ ಹೆಂಡತಿಯ ಹುಟ್ಟಿದ ದಿನ, ಎಲ್ಲಕ್ಕೂ ಅಕ್ಕ.

ಅವಳಿಗೆ ಕ್ಷೇಮದಕ್ಕ ಎಂಬ ಹೆಸರು ಬಿದ್ದದ್ದು ಅವಳ ಮೊದಲ ಮಾತಿನಿಂದ. ಯಾರ ಮನೆಗೆ ಫೋನು ಮಾಡಿದರೂ, ಹಲೋ ಎನ್ನುವುದಕ್ಕೂ ಮುಂಚೆ, "ಎಲ್ಲಾ ಕ್ಷೇಮ, ಕಾಗದದ ಕೆಲಸಕ್ಕೆ ಫೋನ್ ಮಾಡಿದ್ದು" ಎನ್ನುತ್ತಿದ್ದಳು. ಗಂಡ ಗಡಿಯಲ್ಲಿರುವ ಹೆಣ್ಣಿಗೆ ಸೈನ್ಯದ ಕಚೇರಿಯ ನಂಬರು ಕಂಡರೆ ಜೀವ ಬಾಯಿಗೆ ಬರುತ್ತದೆ ಎಂಬುದನ್ನು ಅವಳು ಪುಸ್ತಕ ಓದಿ ಕಲಿತದ್ದಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಅವಳ ಗಂಡ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದಾಗ, ಪಕ್ಕದ ಮನೆಯ ಫೋನಿಗೆ ಕರೆ ಬಂದಿತ್ತು. "ನಿಮ್ಮ ಯಜಮಾನ್ರ ವಿಷಯ" ಎನ್ನುವಷ್ಟರಲ್ಲಿ ಲೈನು ಸತ್ತಿತು. ಒಂದೂವರೆ ದಿನ ಅವಳು ವಿಧವೆಯಾಗಿದ್ದಳು. ಆಮೇಲೆ ತಿಳಿಯಿತು, ಅವರಿಗೆ ಬೇಕಿದ್ದದ್ದು ಕಾರ್ಡಿಗೆ ಅಂಟಿಸಲು ಅವಳದೊಂದು ಫೋಟೋ. ಆ ಗಂಡ ಈಗ ಗುಂಡುಕಲ್ಲಿನ ಹಾಗೆ ಮನೆಯಲ್ಲಿದ್ದಾನೆ, ಊಟಕ್ಕೆ ಉಪ್ಪು ಸಾಲದೆಂದು ಗೊಣಗುತ್ತಾನೆ. ಆ ಒಂದೂವರೆ ದಿನ ಮಾತ್ರ ಅವಳನ್ನು ಬಿಟ್ಟು ಹೋಗಿಲ್ಲ.

ಅಂಥ ಅಕ್ಕ ಮೊನ್ನೆ ಆ ಮಾತನ್ನು ಮರೆತಳು.

ದೂರದೂರಿನಲ್ಲಿ ಎಂಟು ತಿಂಗಳ ಬಸುರಿಯೊಬ್ಬಳಿದ್ದಳು. ಸೈನ್ಯದ ಆಸ್ಪತ್ರೆ ಅವಳ ಮನೆಯಿಂದ ಒಂಬತ್ತು ಗಂಟೆಯ ಬಸ್ಸಿನ ದಾರಿ. ರಕ್ತದೊತ್ತಡ ಏರಿದೆ, ಅಷ್ಟು ದೂರ ಕಳಿಸಿದರೆ ತಾಯಿಗೂ ಮಗುವಿಗೂ ಅಪಾಯ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಅವಳೂರಿನ ಖಾಸಗಿ ಆಸ್ಪತ್ರೆಯಲ್ಲೇ ಹೆರಿಗೆಗೆ ಅನುಮತಿ ಕೊಡಿಸಲು ಅಕ್ಕ ಏಳು ವಾರ ಬಡಿದಾಡಿದಳು. ಆ ದಿನ ಹನ್ನೊಂದಕ್ಕೆ ಅನುಮತಿ ಬಂತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಂಜೆ ಐದರೊಳಗೆ ಬಸುರಿಯೇ ಬಂದು ಸಹಿ ಮಾಡದಿದ್ದರೆ ಹಾಸಿಗೆ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿದರು.

ಬೆಳಗಿನಿಂದ ಅದು ಅಕ್ಕನ ಹನ್ನೆರಡನೆಯ ಕರೆ. ಹಿಂದಿನ ಹನ್ನೊಂದರಲ್ಲಿ ಬೈಸಿಕೊಂಡದ್ದೇ ಹೆಚ್ಚು. ತಲೆ ಚಿಟ್ಟು ಹಿಡಿದಿತ್ತು, ಆದರೂ ಒಳ್ಳೆಯ ಸುದ್ದಿ ಹೇಳುವ ಆತುರ. "ಯಾರು, ನೀನೇನಮ್ಮಾ? ನಿಮ್ಮ ಯಜಮಾನ್ರ ರೆಜಿಮೆಂಟಿಂದ ಕಾಗದ ಬಂದಿದೆ. ನೀನು ಮೊದಲು ಸ್ವಲ್ಪ ಕೂತ್ಕೋ" ಎಂದಳು. ಬಸುರಿ ನಿಂತೇ ಮಾತಾಡುತ್ತಾಳಲ್ಲ ಎಂಬ ಕಾಳಜಿಗೆ ಹಾಗೆಂದದ್ದು.

ಆ ಕಡೆ ಏನೋ ಬಿದ್ದ ಸದ್ದಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಫೋನು ಸ್ವಿಚ್ ಆಫ್.

ಆಗ ಅಕ್ಕನಿಗೆ ತಾನು ಕ್ಷೇಮದ ಮಾತು ಹೇಳಲೇ ಇಲ್ಲವೆಂದು ಹೊಳೆಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇವಳದು ಆಡದೆ ಹೋದದ್ದು. ಫೈಲಿನಲ್ಲಿ ಬರೆದಿದ್ದ ಪಕ್ಕದ ಮನೆಯ ನಂಬರಿಗೆ ಮಾಡಿದರೆ, ಆ ಬಾಡಿಗೆಯವರು ಮನೆ ಬಿಟ್ಟು ವರ್ಷವಾಗಿತ್ತು. ಅಕ್ಕ ಫೈಲು ಕಂಕುಳಲ್ಲಿ ಇರುಕಿಕೊಂಡು, ಕಚೇರಿಗೆ ಬೀಗ ಜಡಿದು, ಬಸ್ಸು ಹತ್ತಿದಳು. ಎರಡು ಗಂಟೆಯ ದಾರಿ. ಮಂಡಿ ನೋಯುತ್ತಿತ್ತು, ಹೊಟ್ಟೆಗೆ ಏನೂ ಹಾಕಿರಲಿಲ್ಲ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಬಸುರಿಯ ಬೀದಿಯ ತಿರುವಿಗೆ ಬರುವಾಗ ಎರಡೂವರೆ ದಾಟಿತ್ತು. ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನೆರೆಯವರು ಗೋಡೆಗೆ ಒರಗಿ ಗುಸುಗುಸು ಎನ್ನುತ್ತಿದ್ದರು. ಅಲ್ಲಿ ನಿಂತಾಗ ಅಕ್ಕನಿಗೆ ಇನ್ನೊಂದು ಹೊಳೆಯಿತು. ಸಾವಿನ ಸುದ್ದಿಯನ್ನು ಸೈನ್ಯದವರು ಫೋನಿನಲ್ಲಿ ಹೇಳುವುದಿಲ್ಲ, ಫೈಲು ಹಿಡಿದು ಮನೆಗೇ ಬರುತ್ತಾರೆ. ಒಂದು ತಪ್ಪು ತಿದ್ದಲು ಹೋಗಿ ಅವಳು ಅದರಪ್ಪನಂಥ ತಪ್ಪು ಮಾಡಿದ್ದಳು.

ಅಷ್ಟರಲ್ಲಿ ಬಸುರಿ ಅವಳನ್ನು ನೋಡಿಬಿಟ್ಟಳು. ಒಮ್ಮೆ ಕಚೇರಿಗೆ ಬಂದಿದ್ದವಳು, ಗುರುತು ಸಿಕ್ಕಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಅಲ್ಲೇ ನಿಲ್ಲಿ ಅಕ್ಕಾ. ಒಳಗೆ ಬರಬೇಡಿ. ನೀವು ಬಂದು ಹೇಳೋವರೆಗೂ ಅವರು ಇದ್ದಾರೆ."

ಅಕ್ಕ ನಿಂತಲ್ಲಿಂದಲೇ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ಎಲ್ಲಾ ಕ್ಷೇಮ, ಕಣಮ್ಮಾ. ಕಾಗದದ ಕೆಲಸಕ್ಕೆ ಬಂದಿದ್ದು. ನಿನ್ನ ಹೆರಿಗೆ ಕಾಗದ."

ಸಮಾಧಾನ ಹೇಳಲು ಬಂದಿದ್ದವರು ಮುಖ ತಪ್ಪಿಸಿಕೊಂಡು ಚಪ್ಪಲಿ ಹುಡುಕತೊಡಗಿದರು. ಬಸುರಿ ಹೊಸ್ತಿಲಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಹೊರಗೆ ಬಂದು ಅಕ್ಕನ ಮುಖವನ್ನೇ ನೋಡಿದಳು.

"ನಿಮ್ಮ ಫೋನ್ ಬಂದು ಮೂರು ಗಂಟೆ ಆಯ್ತು ತಾಯಿ. ನನ್ನ ಮಗನಿಗೆ ನಾನು ಅತ್ತು ಮುಗಿಸಿದೀನಿ."

"ತಪ್ಪು ನನ್ನದೇ ಅಮ್ಮಾ" ಎಂದಳು ಅಕ್ಕ.

ಆಟೋ ಹಿಡಿದು ಮೂವರೂ ಆಸ್ಪತ್ರೆಗೆ ಹೋದರು. ನಾಲ್ಕೂಕಾಲಿಗೆ ಸಹಿ ಬಿತ್ತು, ಹಾಸಿಗೆ ಉಳಿಯಿತು. ನರ್ಸು ರಕ್ತದೊತ್ತಡ ನೋಡಿ, ಮನೆಗೆ ಹೋಗುವುದು ಬೇಡ, ಇವತ್ತೇ ಮಲಗಿ ಎಂದಳು. ಅತ್ತೆ ಬಟ್ಟೆ ತರಲು ಹೋದಾಗ ಬಸುರಿ ಅಕ್ಕನ ಕೈ ಹಿಡಿದಳು.

"ಅಕ್ಕಾ, ಇನ್ಮೇಲೆ ನಂಗೆ ಆ ಮಾತು ಹೇಳಬೇಡಿ."

"ಹೇಳದೇ ಇದ್ದಿದ್ದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು?"

"ಅದಕ್ಕೇ ಬೇಡ ಅಂದಿದ್ದು. ಪ್ರತಿ ಸಲ ಹೇಳಿ ಹೇಳಿ ನೀವೇ ಅಭ್ಯಾಸ ಮಾಡ್ಸಿದ್ರಿ. ಇವತ್ತು ಆ ಮಾತಿಲ್ಲ ಅಂದ ತಕ್ಷಣ ನಂಗೆ ಬೇರೆ ಏನೂ ಕೇಳಿಸ್ಲೇ ಇಲ್ಲ. ಊಟ ಆಯ್ತಾ ಅಂತ ಕೇಳಿ, ಬೇಕಾದ್ರೆ ಬೈಯಿರಿ. ನಿಜವಾಗ್ಲೂ ಅಂಥ ದಿನ ಬಂದ್ರೆ, ಎರಡು ಮಾತು ತಡವಾಗೇ ಗೊತ್ತಾಗ್ಲಿ."

ಅಕ್ಕ ತಲೆಯಾಡಿಸಿದಳು. ಮರಳಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಬಂದಳು.

ಮರುದಿನ ಬೆಳಗ್ಗೆ ಬಸುರಿಯ ಫೈಲಿನ ಮೇಲೆ ಪೆನ್ಸಿಲಿನಲ್ಲಿ ಬರೆದಳು: "ಕ್ಷೇಮ ಎನ್ನಬಾರದು. ಊಟ ಆಯಿತಾ ಎನ್ನಬೇಕು." ಆಮೇಲೆ ಪಟ್ಟಿಯ ಮುಂದಿನ ಮನೆಗೆ ಫೋನು ಹಚ್ಚಿದಳು. ಆ ಕಡೆ ಎತ್ತಿದರು. ಇವರಿಗೆ ಏನೆನ್ನಬೇಕೆಂದು ತಿಳಿಯದೆ ಅಕ್ಕ ಒಂದು ಗಳಿಗೆ ಸುಮ್ಮನಾದಳು.

"ಅಕ್ಕಾ?" ಆ ಹೆಂಗಸಿನ ದನಿ ಆಗಲೇ ನಡುಗುತ್ತಿತ್ತು. "ಯಾಕೆ ಸುಮ್ನಿದೀರಾ ಅಕ್ಕಾ?"

"ಎಲ್ಲಾ ಕ್ಷೇಮ ಕಣಮ್ಮಾ" ಎಂದಳು ಅಕ್ಕ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಪಟ್ಟಿಯಲ್ಲಿ ಇನ್ನೂ ಮುನ್ನೂರ ಹತ್ತು ಮನೆಗಳಿದ್ದವು. ಆ ಮಾತನ್ನು ಈಗ ನಿಲ್ಲಿಸುವ ಹಾಗಿರಲಿಲ್ಲ.