ಸೇವಂತಿಗೆಯ ಮೇಲೆ ನನ್ನ ಕೈ

ನಾನು ನಂಜನಗೂಡಿನ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ, ಭಾನುವಾರಗಳಂದು ದೊಡ್ಡವರಿಗೂ ಚಿತ್ರ ಕಲಿಸತೊಡಗಿದೆ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮಷಿನ್ ಆಪರೇಟರ್ ಆಗಿದ್ದ ಮಹದೇವಸ್ವಾಮಿ ಬಂದು ಸೇರಿದ್ದು ಆಗಲೇ. ವಯಸ್ಸು ನಲವತ್ತಾರು.

ನಾನು ಕಲಿಸುತ್ತಿದ್ದದ್ದು ಸ್ಟಿಲ್ ಲೈಫ್, ಅಂದರೆ ಎದುರಿಗಿಟ್ಟ ವಸ್ತುವನ್ನು ನೋಡಿ ಚಿತ್ರ ಬರೆಯುವುದು. ಅದಕ್ಕೆ ಮಹದೇವಸ್ವಾಮಿ ತಮ್ಮ ಹೆಂಡತಿ ಶಿವಮ್ಮ ಹಿತ್ತಲಲ್ಲಿ ಬೆಳೆದ ಸೇವಂತಿಗೆ ತಂದು ಹಿತ್ತಾಳೆ ಚೊಂಬಿನಲ್ಲಿಡುತ್ತಿದ್ದರು. ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಅಗಲ ಬ್ರಷ್ಷಿಗೆ ಪೋಸ್ಟರ್ ಕಲರನ್ನು ಗಟ್ಟಿಯಾಗಿ ಮೆತ್ತಿಕೊಂಡು, ಒಂದೊಂದು ಒತ್ತಿಗೆ ಒಂದೊಂದು ಎಸಳು ಮೂಡಿಸುತ್ತಿದ್ದರು. "ಸ್ವಾಮಿಗಳೇ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯಬೇಡಿ" ಎಂದು ಚುಡಾಯಿಸುತ್ತಿದ್ದೆ. ನಗುತ್ತಿದ್ದರು, ಕೈ ಮಾತ್ರ ಬದಲಾಗಲಿಲ್ಲ.

ಶಾಲೆಯಲ್ಲಿ ಪ್ರದರ್ಶನ ಏರ್ಪಾಡಾಯಿತು. ಗೋಡೆಗೆ ಹಾಕುವ ಮೊದಲು ಕಲಿಯುವವರ ಚಿತ್ರವನ್ನು ಸ್ವಲ್ಪ 'ಟಚಪ್' ಮಾಡುವುದು ನಮ್ಮ ರೂಢಿ. ಎರಡನೇ ನಂಬರಿನ ಸಣ್ಣ ಬ್ರಷ್ ಹಿಡಿದು ಮಹದೇವಸ್ವಾಮಿಯ ಸೇವಂತಿಗೆ ಹೂಗಳ ಎಸಳೆಸಳಿಗೂ ಅಂಚು ಕಟ್ಟಿದೆ, ನೆರಳು ತಿದ್ದಿದೆ. ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದೆ. ಮಹದೇವಸ್ವಾಮಿ ಬಹಳ ಹೊತ್ತು ನೋಡಿ, "ಚೆಂದಾಗೇ ಅದ ಸಾ. ನಿಮ್ಮ ಕೈ ನಿಮ್ಮ ಕೈಯೇ" ಎಂದರು. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಶಿಫ್ಟ್ ಬದಲಾಗಿರಬೇಕು ಎಂದು ನಾನೂ ಸುಮ್ಮನಾದೆ.

ಐದು ತಿಂಗಳ ನಂತರ ಶಿವಮ್ಮ ಟಿ. ನರಸೀಪುರದ ತವರಿನಿಂದ ಬಸ್ಸು ಹತ್ತಿ ಬಂದರು. ಗಂಡ ಹೃದಯಾಘಾತದಿಂದ ತೀರಿಕೊಂಡು ತಿಂಗಳಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

"ಮನೇಲಿದ್ದ ಚಿತ್ರಗೊಳ್ನೆಲ್ಲ ಆ ಪ್ರದರ್ಸನ ಆದ್ಮೇಲೆ ಅವ್ರೇ ಅರ್ದಾಕ್ಬುಟ್ರು ಸಾ. ನಿಮ್ಮತ್ರ ಒಂದದಂತಲ್ಲ?"

ಪ್ರದರ್ಶನದ ನಂತರ ನನ್ನಲ್ಲೇ ಉಳಿದಿದ್ದ ಚಿತ್ರವನ್ನು ಬೀರುವಿನಿಂದ ತೆಗೆದುಕೊಟ್ಟೆ. ಆಕೆ ನೋಡಿದ ಕೂಡಲೇ, "ಇದು ಅವ್ರ ಕೈಯಲ್ಲ ಸಾ" ಎಂದರು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ.

"ಅಂಗಾರೆ ನಿಮ್ದ ಒರ್ಸ್‌ಬುಡಿ ಸಾ. ಕೆಳಗ ಅವ್ರುದು ಇರ್ತದಲ್ಲ?"

ಪೋಸ್ಟರ್ ಕಲರ್ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ನನ್ನ ಗೆರೆ ಒರೆಸಿದರೆ ಕೆಳಗಿರುವ ಅವರ ಬಣ್ಣವೂ ಎದ್ದುಬರುತ್ತದೆ. ಅದನ್ನೂ ಆಕೆಗೆ ಹೇಳಿದೆ. ಅಷ್ಟು ವರ್ಷದ ಸರ್ವಿಸ್ಸಿನಲ್ಲಿ ಅಂಥ ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ಅವ್ರುದು ಅಂತ ಏನೂ ಉಳ್ದಿಲ್ವಾ ಸಾ?"

ಹುಡುಕಿದೆ. ಚೊಂಬಿನ ಬುಡದಲ್ಲಿ ಉದುರಿ ಬಿದ್ದ ಮೂರು ಎಸಳುಗಳಿದ್ದವು. ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನಾನು ತಿದ್ದದೆ ಬಿಟ್ಟ ಎಸಳುಗಳು ಅವು. ಬೆರಳಿಟ್ಟು ತೋರಿಸಿದೆ. ಶಿವಮ್ಮ ಮಿಕ್ಕಿದ್ದನ್ನೆಲ್ಲ ಸೆರಗಿನಿಂದ ಮುಚ್ಚಿ, ಅವನ್ನೇ ನೋಡುತ್ತ ಕುಳಿತರು.

ಅಂದಿನಿಂದ ನಾನು ಇನ್ನೊಬ್ಬರ ಕಾಗದಕ್ಕೆ ಬ್ರಷ್ ತಾಗಿಸಿಲ್ಲ. ಹೇಳಿಕೊಡುವುದಿದ್ದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟು ತೋರಿಸುತ್ತೇನೆ. ಅಷ್ಟು ಮಾಡಿದ್ದರೆ ಮಹದೇವಸ್ವಾಮಿ ಮುಂದಿನ ಭಾನುವಾರವೂ ಬರುತ್ತಿದ್ದರು.